ನೂರು ಉಳಿಸಲು ಹೋಗಿ ಸಾವಿರ ಸುಡಬೇಡಿ!

ಕಾರಿಗೆ ಹಾಡಿನ ಸೆಟ್ ಕೂರಿಸುತ್ತೀರಿ. ಹಿಂದಿನ ಗಾಜಿಗೆ ದೊಡ್ಡ ಸ್ಟಿಕ್ಕರ್ ಅಂಟಿಸುತ್ತೀರಿ. ಸೀಟಿಗೆ ಹೊಸ ಕವರ್ ಹೊಲಿಸುತ್ತೀರಿ. ಸಂತೋಷ! ಆದರೆ ಕೆಲವು ನೂರು ರೂಪಾಯಿಯ ಇಂಧನ ಫಿಲ್ಟರ್ ಬದಲಿಸಿ ಎಂದು ಮೆಕ್ಯಾನಿಕ್ ಹೇಳಿದರೆ ಮಾತ್ರ 'ಮುಂದಿನ ಸಲ ನೋಡೋಣ ಬಿಡಿ' ಎನ್ನುತ್ತೀರಿ. ಯಾಕೆ ಗೆಳೆಯರೇ? ಕಣ್ಣಿಗೆ ಕಾಣದ್ದಕ್ಕೆ ಬೆಲೆಯೇ ಇಲ್ಲವೇ?

ಆ 'ಮುಂದಿನ ಸಲ' ಬರುವುದು ಶಿರಾಡಿ ಘಾಟಿಯ ಏರಿನಲ್ಲಿ, ಅದೂ ರಾತ್ರಿ ಹೊತ್ತು. ಕಾರು ಮುಗ್ಗರಿಸುತ್ತದೆ, ಉಸಿರು ಕಟ್ಟಿ ನಿಲ್ಲುತ್ತದೆ. ಎಳೆದೊಯ್ಯುವ ಗಾಡಿಯ ಬಾಡಿಗೆ, ಸಾವಿರಗಟ್ಟಲೆ ಬೆಲೆಯ ಹೊಸ ಪಂಪು, ಗ್ಯಾರೇಜಿನಲ್ಲಿ ಕಳೆದ ದಿನಗಳು. ಸ್ವಂತಕ್ಕೆ ಕಾರು ಇಟ್ಟುಕೊಂಡವನಿಗೆ ಇದು ತಲೆನೋವು. ಬ್ಯಾಂಕಿನ ಸಾಲದಲ್ಲಿ ಟ್ಯಾಕ್ಸಿ ಕೊಂಡು ಕಂತು ಕಟ್ಟುತ್ತಿರುವ ನಮ್ಮ ತಮ್ಮಂದಿರಿಗೆ ಇದು ಹೊಟ್ಟೆಯ ಪ್ರಶ್ನೆ!

ಪಂಪು ಯಾಕೆ ಸಾಯುತ್ತದೆ ಎಂಬುದನ್ನು ಮೊದಲು ತಿಳಿಯಿರಿ. ಕಾರ್ಬುರೇಟರ್ ಇದ್ದ ಹಳೆಯ ಮಾರುತಿ 800ರಲ್ಲಿ ಪಂಪು ಇಂಜಿನ್ನಿನ ಪಕ್ಕದಲ್ಲೇ ಇತ್ತು. ಇಂಜಿನ್ನೇ ಅದನ್ನು ಆಡಿಸುತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ಕಟ್ಟಳೆಗಳು ಬಿಗಿಯಾದವು, ಇಂಜೆಕ್ಷನ್ ಕಾರುಗಳು ಬಂದವು. ಈಗ ಪೆಟ್ರೋಲ್ ಕಾರಿನ ಪಂಪು ಟ್ಯಾಂಕಿನ ಒಳಗೇ ಮುಳುಗಿರುವ ವಿದ್ಯುತ್ ಮೋಟಾರು. ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ದೂಡುತ್ತದೆ. ಟೈರಿಗೆ ನೀವು ತುಂಬುವ ಗಾಳಿ ಸುಮಾರು 2 ಬಾರ್. ಲೆಕ್ಕ ಹಾಕಿ!

ಈ ಮೋಟಾರನ್ನು ತಂಪಾಗಿಡುವುದು ಯಾವುದು? ಅದರ ಮೈಯೊಳಗೇ ಹರಿದು ಹೋಗುವ ಪೆಟ್ರೋಲು. ಫಿಲ್ಟರಿನಲ್ಲಿ ಕಸ, ತುಕ್ಕು ಕಟ್ಟಿಕೊಂಡಿತೋ, ಹರಿವು ಇಳಿಯುತ್ತದೆ, ಒತ್ತಡದ ಹೊರೆ ಏರುತ್ತದೆ. ಕೆಲಸ ಜಾಸ್ತಿ, ತಂಪು ಕಡಿಮೆ. ಎರಡೂ ಕಡೆಯಿಂದ ಹೊಡೆತ ತಿಂದ ಪಂಪು ಎಷ್ಟು ದಿನ ಬಾಳೀತು? ನಮ್ಮ ಆಫ್‌ಸೆಟ್ ಯಂತ್ರದಲ್ಲಿ ಹಾಳೆ ಎತ್ತುವ ಗಾಳಿ ಪಂಪಿಗೂ ಒಂದು ಫಿಲ್ಟರ್ ಉಂಟು. ಕಾಗದದ ಧೂಳು ಕೂತರೆ ಆ ಪಂಪೂ ಕಾದ ಹೆಂಚಾಗುತ್ತದೆ. ಯಂತ್ರ ಯಾವುದಾದರೇನು, ನ್ಯಾಯ ಒಂದೇ!

ಇನ್ನೊಂದು ಕೆಟ್ಟ ಚಾಳಿ, ಬಂಕಿಗೆ ಹೋಗಿ ಇನ್ನೂರು ರೂಪಾಯಿಗೆ ಹಾಕಿಸಿ ರಿಸರ್ವ್ ದೀಪದಲ್ಲೇ ದಿನ ದೂಡುವುದು. ಟ್ಯಾಂಕು ಬರಿದಾದಾಗ ಪಂಪು ಪೆಟ್ರೋಲಿನ ಜೊತೆ ಗಾಳಿಯನ್ನೂ ಎಳೆದು ಕಾಯುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ.

ಡೀಸೆಲ್ ಗಾಡಿಯವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಫಿಲ್ಟರಿನ ಕೆಲಸ ಕಸ ತಡೆಯುವುದಷ್ಟೇ ಅಲ್ಲ, ನೀರನ್ನು ಬೇರ್ಪಡಿಸುವುದೂ ಹೌದು. ಕಾಮನ್ ರೈಲ್ ಇಂಜಿನ್ನಿನ ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಜಿಡ್ಡು. ನೀರು ನುಗ್ಗಿದರೆ ಲೋಹಕ್ಕೆ ಲೋಹ ಉಜ್ಜಿ, ಪುಡಿ ಎದ್ದು, ಇಂಜೆಕ್ಟರುಗಳೂ ಹಾಳು. ನೀರಿನ ದೀಪ ಹೊತ್ತಿಕೊಂಡರೆ ಆ ದಿನವೇ ನೀರು ಇಳಿಸಿ.

ಹಳೆಯ ಪೆಟ್ರೋಲ್ ಕಾರಿನವರಿಗೆ ಒಂದು ಮಾತು. ಶೇ. 20 ಎಥನಾಲ್ ಬೆರೆತ ಪೆಟ್ರೋಲು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, ಫೆಬ್ರವರಿ 2023ರಲ್ಲಿ. ಎಥನಾಲ್ ನೀರಿನಂಶವನ್ನು ಹೀರುತ್ತದೆ. ಹಳೆಯ ಟ್ಯಾಂಕಿನಲ್ಲಿ ಅಂಟಿಕೊಂಡ ಕೊಳೆಯನ್ನೂ ಸಡಿಲಿಸಬಲ್ಲದು. ಆ ಕೊಳೆ ಹೋಗಿ ಕೂರುವುದು ಫಿಲ್ಟರಿನಲ್ಲೇ. ತಿಂಗಳುಗಟ್ಟಲೆ ನಿಲ್ಲಿಸಿಡುವ ಕಾರಿಗಂತೂ ಫಿಲ್ಟರಿನ ಮೇಲೆ ಕಣ್ಣಿಡಿ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ಒಂದೊಂದು ಕಾರಿಗೆ ಒಂದೊಂದು ಲೆಕ್ಕ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುವ ಪುಸ್ತಕ ತೆಗೆದು ಓದಿ. ಈಚಿನ ಅನೇಕ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರು ಪಂಪಿನ ಜೊತೆಯೇ ಟ್ಯಾಂಕಿನೊಳಗಿದೆ. ಅದನ್ನು ಬಿಚ್ಚುವುದು ನುರಿತವರ ಕೆಲಸ. ಹೊರಗೆ ಕೊಳವೆಯ ನಡುವೆ ಫಿಲ್ಟರ್ ಇರುವ ಪೆಟ್ರೋಲ್ ಕಾರಾದರೆ ಕ್ರಮ ಹೀಗಿದೆ:

ಬಯಲಲ್ಲಿ, ಇಂಜಿನ್ ತಣ್ಣಗಿರುವಾಗ ಮಾಡಿ. ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು. ಪಂಪಿನ ಫ್ಯೂಸ್ ಕಿತ್ತು ಇಂಜಿನ್ ಚಾಲೂ ಮಾಡಿ. ಕೊಳವೆಯಲ್ಲಿ ಉಳಿದದ್ದನ್ನು ಕುಡಿದು ತಾನೇ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕೊಳವೆಗೆ ಬಟ್ಟೆ ಸುತ್ತಿ ನಿಧಾನವಾಗಿ ಕಳಚಿ. ಹೊಸ ಫಿಲ್ಟರಿನ ಮೇಲಿನ ಬಾಣದ ಗುರುತು ಇಂಜಿನ್ನಿನ ಕಡೆಗೇ ಇರಬೇಕು. ಹಳೆಯ ವಾಷರು, ಕ್ಲಿಪ್ಪುಗಳನ್ನೇ ಮತ್ತೆ ಹಾಕಬೇಡಿ. ಫ್ಯೂಸ್, ತಂತಿ ಸೇರಿಸಿ, ಇಂಜಿನ್ ಚಾಲೂ ಮಾಡದೆ ಎರಡು ಮೂರು ಸಲ ಕೀ ಆನ್ ಮಾಡಿ. ಎಲ್ಲೂ ಸೋರುತ್ತಿಲ್ಲ ಎಂದು ಕಣ್ಣಾರೆ ಕಂಡ ಮೇಲೇ ಚಾಲೂ ಮಾಡಿ. ಕೈ ನಡುಗಿತೇ? ಬಲ್ಲವರಿಗೆ ಬಿಡಿ. ಪೆಟ್ರೋಲು ಆಟದ ವಸ್ತುವಲ್ಲ!

ಏರಿನಲ್ಲಿ ಎಳೆತ ಕಮ್ಮಿ, ಓವರ್‌ಟೇಕ್ ಮಾಡುವಾಗ ತಡವರಿಕೆ, ಹಿಂದಿನ ಸೀಟಿನಡಿಯಿಂದ ಗುಂಯ್ ಎಂಬ ಸದ್ದು. ಇವು ಮುನ್ಸೂಚನೆಗಳು. ಹಾಗೆಂದು ಗ್ಯಾರೇಜಿನವನು 'ಪಂಪು ಹೋಗಿದೆ' ಎಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ. ಫ್ಯೂಸ್, ರಿಲೇ ನೋಡಿದಿರಾ? ಗೇಜ್ ಹಾಕಿ ಒತ್ತಡ ಅಳೆದಿರಾ? ಕೇಳಿ! ಪಂಪು ನಿಜಕ್ಕೂ ಸತ್ತಿದ್ದರೆ ಫಿಲ್ಟರನ್ನೂ ಜೊತೆಗೇ ಬದಲಿಸಿ, ಟ್ಯಾಂಕು ತೊಳೆಸಿ. ಇಲ್ಲವಾದರೆ ಹೊಸ ಪಂಪಿಗೂ ಅದೇ ಗತಿ. ತೆಗೆದ ಹಳೆಯ ಸಾಮಾನು ಕೇಳಿ ಪಡೆಯಿರಿ. ಹಾಗೆಯೇ ಬಂಕಿನಲ್ಲಿ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿ. ಪೆಟ್ರೋಲಿನ ಒಂದು ತೊಟ್ಟು ಆರಿದ ಮೇಲೆ ಕಾಗದದಲ್ಲಿ ಕಲೆ ಉಳಿಯಬಾರದು. ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚ ಬೇಡ.

ಬೆವರು ಸುರಿಸಿ ಗಳಿಸಿದ ದುಡ್ಡು ನಿಮ್ಮದು. ತಿಳಿಯದವನ ಜೇಬಿಗೇ ಮೊದಲ ಕತ್ತರಿ. ಈ ವಾರವೇ ಆ ಪುಸ್ತಕ ತೆರೆಯಿರಿ, ಫಿಲ್ಟರಿನ ಲೆಕ್ಕ ನೋಡಿ, ಅವಧಿ ಮೀರಿದ್ದರೆ ಬದಲಿಸಿ!