ಕೊಂಡುದೂ ಅಲ್ಲ, ಪಡೆದುದೂ ಅಲ್ಲ



ಮನುಷ್ಯನು ತಾನೇ ದುಡಿದು ಮಾಡಿಕೊಂಡುದನ್ನು ಬಿಟ್ಟರೆ, ಒಂದು ವಸ್ತುವನ್ನು ತನ್ನದೆಂದು ಹೇಳಿಕೊಳ್ಳುವುದಕ್ಕೆ ಎರಡೇ ನೇರವಾದ ಮಾರ್ಗಗಳಿವೆ. ಬೆಲೆ ತೆತ್ತು ಕೊಳ್ಳುವುದು ಒಂದು. ಕೊಡುವವನು ಮನಃಪೂರ್ವಕವಾಗಿ ಕೊಟ್ಟುದನ್ನು ಪಡೆಯುವುದು ಇನ್ನೊಂದು. ಈ ಎರಡಕ್ಕೂ ಸೇರದೆ, ಒಡೆಯನು ಕಂಡೂ ಕಾಣದಂತೆ ಇರುವನೆಂಬ ಧೈರ್ಯದ ಮೇಲೆ ಮತ್ತೊಬ್ಬರ ವಸ್ತುವನ್ನು ಬಳಸುತ್ತ ಹೋಗುವುದಕ್ಕೆ ನಮ್ಮ ಹಿರಿಯರು ಒಳ್ಳೆಯ ಹೆಸರನ್ನೇನೂ ಇಟ್ಟಿರಲಿಲ್ಲ. ಇಂದಾದರೋ ಅಂತಹುದೊಂದು ಬಳಕೆ ನಮ್ಮ ಮನೆ, ಶಾಲೆ, ಕಛೇರಿಗಳಲ್ಲಿ ನಿತ್ಯದ ವಾಡಿಕೆಯಾಗಿದೆ. ಪರವಾನಗಿಯನ್ನು ಪಡೆಯದೆ, ಆಕ್ಟಿವೇಟ್ ಮಾಡಿಸದೆ ವಿಂಡೋಸ್ ಬಳಸುವ ಅಭ್ಯಾಸವನ್ನೇ ಇಲ್ಲಿ ಕುರಿತು ಹೇಳುತ್ತಿರುವುದು.

ನೀವೂ ಇದನ್ನು ಕಂಡಿರುತ್ತೀರಿ. ಸಮಾರಂಭದ ವೇದಿಕೆಯ ಮೇಲೆ ದೊಡ್ಡ ತೆರೆ. ತೆರೆಯ ಮೇಲೆ ಅತಿಥಿಗಳ ಭಾವಚಿತ್ರ, ಸಂಸ್ಥೆಯ ಸಾಧನೆಗಳ ಪಟ್ಟಿ. ಬಲಗಡೆಯ ಕೆಳಮೂಲೆಯಲ್ಲಿ ಮಸುಕಾದ ಎರಡು ಸಾಲು ಇಂಗ್ಲಿಷ್ ಬರಹ, ವಿಂಡೋಸನ್ನು ಆಕ್ಟಿವೇಟ್ ಮಾಡಿರೆಂದು. ಭಾಷಣಕಾರರು ಪ್ರಾಮಾಣಿಕತೆಯ ವಿಚಾರವಾಗಿ ಒಂದು ಗಂಟೆ ಮಾತನಾಡಿದರೂ ಆ ಬರಹವು ಅಲ್ಲಿಂದ ಕದಲುವುದಿಲ್ಲ. ಸಭೆಯಲ್ಲಿ ಒಬ್ಬರಿಗೂ ಅದು ಕಸಿವಿಸಿಯನ್ನುಂಟುಮಾಡುವುದಿಲ್ಲ. ಸುಣ್ಣ ಉದುರಿದ ಗೋಡೆಯಂತೆ ಅದೂ ಕಣ್ಣಿಗೆ ಒಗ್ಗಿಹೋಗಿದೆ. ಹೀಗೆ ಒಗ್ಗಿಹೋದುದೇ ನಮ್ಮ ಚಿಂತೆಗೆ ಕಾರಣ.

ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಗಣಕಯಂತ್ರ ಬೇರೆ, ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಬೇರೆ. ವಿಂಡೋಸ್ ಎಂಬುದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ಕಾರ್ಯಾಚರಣ ವ್ಯವಸ್ಥೆ. ಅದನ್ನು ಬಳಸುವ ಹಕ್ಕಿಗೆ ಪರವಾನಗಿಯೆಂದು ಹೆಸರು. 25 ಅಕ್ಷರಗಳ ಕೀಲಿಯಿಂದಾಗಲಿ, ಆ ಯಂತ್ರಕ್ಕೇ ಅಂಟಿಕೊಂಡ ದಾಖಲೆಯಿಂದಾಗಲಿ ಆ ಹಕ್ಕನ್ನು ಕಂಪನಿಯೊಡನೆ ಖಚಿತಪಡಿಸಿಕೊಳ್ಳುವುದೇ ಆಕ್ಟಿವೇಷನ್. ವಿಂಡೋಸ್ 10 ಮತ್ತು 11ರಲ್ಲಿ, ಅಳವಡಿಸುವ ಹೊತ್ತಿಗೆ ‘ನನ್ನ ಬಳಿ ಕೀಲಿ ಇಲ್ಲ’ ಎಂಬುದನ್ನು ಒತ್ತಿ ಮುಂದೆ ಸಾಗಬಹುದು. ಹಾಗೆ ಸಾಗಿದವನಿಗೆ ಒದಗುವ ಶಿಕ್ಷೆ ಅತ್ಯಲ್ಪ. ಮೂಲೆಯಲ್ಲಿ ಆ ಬರಹ ಕಾಣಿಸಿಕೊಳ್ಳುತ್ತದೆ. ಹಿನ್ನೆಲೆಯ ಚಿತ್ರ, ಬಣ್ಣಗಳನ್ನು ಬದಲಿಸುವ ಸೆಟ್ಟಿಂಗ್ಸ್ ತೆರೆಯುವುದಿಲ್ಲ. ಉಳಿದ ಕೆಲಸವೆಲ್ಲ ಯಥಾಪ್ರಕಾರ ನಡೆಯುತ್ತದೆ.

ಈ ಸಡಿಲಿಕೆ ಮೊದಲಿನಿಂದ ಇದ್ದುದಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ 30 ದಿನಗಳೊಳಗೆ ಆಕ್ಟಿವೇಟ್ ಮಾಡದಿದ್ದರೆ ಯಂತ್ರದೊಳಕ್ಕೆ ಪ್ರವೇಶವೇ ಇರಲಿಲ್ಲ. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಲ್ಲಿ, ಅವಧಿ ಮೀರಿದವನಿಗೆ ಒಂದು ಗಂಟೆಯ ಮಟ್ಟಿಗೆ ಬ್ರೌಸರ್ ಮಾತ್ರ ದೊರೆಯುತ್ತಿತ್ತು. ಆಮೇಲೆ ಯಂತ್ರವೇ ಅವನನ್ನು ಹೊರಕ್ಕೆ ಕಳುಹಿಸುತ್ತಿತ್ತು. 2008ರಲ್ಲಿ ಅದೇ ವಿಸ್ಟಾದ ಮೊದಲ ಪರಿಷ್ಕರಣದೊಡನೆ ಆ ಕಟ್ಟನ್ನು ಬಿಚ್ಚಿ, ಕಪ್ಪು ಹಿನ್ನೆಲೆಯನ್ನೂ ಮೇಲಿಂದ ಮೇಲೆ ನೆನಪಿಸುವ ಸೂಚನೆಯನ್ನೂ ಇಟ್ಟರು. 2015ರ ವಿಂಡೋಸ್ 10ರ ವೇಳೆಗೆ ಉಳಿದುದು ಮೂಲೆಯ ಮಸುಕು ಅಕ್ಷರ ಮಾತ್ರ. ಹದಿನಾಲ್ಕು ವರ್ಷಗಳಲ್ಲಿ ಕಬ್ಬಿಣದ ಬಾಗಿಲು ನೂಲಿನ ಪರದೆಯಾಯಿತು.

ಇದನ್ನು ಕಂಡವರು ತಟ್ಟನೆ ಹೇಳುವ ಮಾತೊಂದುಂಟು: “ಕಂಪನಿಯೇ ಒಪ್ಪಿಕೊಂಡಿದೆ, ನಿಮ್ಮದೇನು ತಕರಾರು? ಕಂಪನಿಯ ತಾಣದಿಂದಲೇ ಇಳಿಸಿಕೊಂಡೆವು, ಕಂಪನಿಯ ಗುಂಡಿಯನ್ನೇ ಒತ್ತಿದೆವು.” ಮಾತು ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಅಳವಡಿಸುವಾಗ ಓದದೆ ‘ಒಪ್ಪಿದೆ’ ಎಂದು ಒತ್ತುವ ಆ ಕರಾರಿನಲ್ಲಿ ಏನಿದೆಯೆಂಬುದನ್ನು ನೋಡಿರಿ. ಪರವಾನಗಿಯುಳ್ಳವನು, ಅಧಿಕೃತ ಕೀಲಿಯಿಂದಲೋ ಒಪ್ಪಿತವಾದ ಬೇರೆ ವಿಧಾನದಿಂದಲೋ ಆಕ್ಟಿವೇಟ್ ಮಾಡಿದ ಮೇಲೆ ಮಾತ್ರ ಈ ತಂತ್ರಾಂಶವನ್ನು ಬಳಸಲು ಅಧಿಕಾರವುಳ್ಳವನೆಂಬ ಅಭಿಪ್ರಾಯ ಅಲ್ಲಿ ನಿಸ್ಸಂದಿಗ್ಧವಾಗಿದೆ. ಬೇಲಿ ತಗ್ಗಾಗಿದ್ದ ಮಾತ್ರಕ್ಕೆ ತೋಟದ ಮಾವು ದಾರಿಹೋಕನದಾಗುವುದಿಲ್ಲ. ನಾಲ್ಕು ದಿನ ಪರೀಕ್ಷಿಸಿ ನೋಡಿ ಕೊಳ್ಳುವವನ ಮಾತು ಬೇರೆ. ನಾಲ್ಕು ವರ್ಷ ಹೊಸ್ತಿಲ ಮೇಲೆಯೇ ಸಂಸಾರ ಹೂಡಿದವನ ಮಾತು ಬೇರೆ.

ಹಾಗಾದರೆ ಬೇಲಿಯನ್ನು ಒಡೆಯನೇ ತಗ್ಗಿಸಿದುದೇಕೆ? ಇಲ್ಲಿ ಕಂಪನಿಯ ಔದಾರ್ಯವನ್ನು ಹೊಗಳಹೊರಟವರು ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1976ರ ಫೆಬ್ರವರಿಯಲ್ಲಿ, ಇನ್ನೂ ಇಪ್ಪತ್ತರ ತರುಣನಾಗಿದ್ದ ಬಿಲ್ ಗೇಟ್ಸ್ ಗಣಕಹವ್ಯಾಸಿಗಳಿಗೊಂದು ಬಹಿರಂಗ ಪತ್ರವನ್ನು ಬರೆದರು. ಯಂತ್ರಕ್ಕೆ ಹಣ ಕೊಡುವ ನೀವು ತಂತ್ರಾಂಶವನ್ನು ಮಾತ್ರ ಕದಿಯುತ್ತೀರಿ, ಹೀಗಾದರೆ ಒಳ್ಳೆಯ ತಂತ್ರಾಂಶವನ್ನು ಬರೆಯುವವರಾರು ಎಂಬುದು ಅದರ ಸಾರ. ಅದೇ ಗೇಟ್ಸ್ 1998ರಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆದುರು ಚೀನದ ಸಂಗತಿಯನ್ನೆತ್ತಿ ಹೇಳಿದುದರ ತಾತ್ಪರ್ಯ ಬೇರೆಯೇ ಇತ್ತು: ಅಲ್ಲಿಯವರು ತಂತ್ರಾಂಶಕ್ಕೆ ಹಣ ಕೊಡುತ್ತಿಲ್ಲ, ಹೇಗಿದ್ದರೂ ಕದಿಯುವವರಾದರೆ ನಮ್ಮದನ್ನೇ ಕದಿಯಲಿ, ಅದರ ಚಟ ಹತ್ತಿದ ಮೇಲೆ ಮುಂದಿನ ದಶಕದಲ್ಲಿ ವಸೂಲು ಮಾಡುವ ಬಗೆಯನ್ನು ಕಂಡುಕೊಳ್ಳೋಣ. ಈ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಮೂಲೆಯ ಮಸುಕು ಅಕ್ಷರದ ಅರ್ಥ ಹೊಳೆಯದೆ ಇರದು. ಅಂಗಡಿಯ ಮುಂದೆ ಚಿಟಿಕೆ ನಶ್ಯವನ್ನು ಬಿಟ್ಟಿ ಹಂಚುವವನು ದಾನಿಯಲ್ಲ. ನಾಳೆಯ ಗಿರಾಕಿಯನ್ನು ಇಂದೇ ಎಣಿಸಿಕೊಂಡವನು.

“ಕುಬೇರನಂಥ ಕಂಪನಿಗೆ ನಮ್ಮಿಂದ ಏನು ನಷ್ಟ?” ಎಂಬ ಇನ್ನೊಂದು ವಾದಕ್ಕೂ ಉತ್ತರ ಇದರಲ್ಲಿಯೇ ಅಡಗಿದೆ. ನಿಮ್ಮಿಂದ ಅದಕ್ಕೆ ನಷ್ಟವಿಲ್ಲ, ನಿಜ, ಲಾಭವೇ ಇದೆ. ಕೀಲಿಯಿಲ್ಲದ ಯಂತ್ರದ ಮುಂದೆ ಕುಳಿತು ಕಲಿತ ಹುಡುಗನು ದೊಡ್ಡವನಾಗಿ ಕಛೇರಿಗೆ ಸೇರಿದಾಗ ತನಗೆ ತಿಳಿದ ವ್ಯವಸ್ಥೆಯನ್ನೇ ಕೇಳುತ್ತಾನೆ. ಆ ಕಛೇರಿ ಹಣ ತೆತ್ತು ಅದನ್ನೇ ಕೊಳ್ಳುತ್ತದೆ. ದೊಡ್ಡ ಕಂಪನಿಯ ಮೇಲೆ ಸಣ್ಣ ಸೇಡು ತೀರಿಸಿಕೊಂಡೆನೆಂದು ಹಿಗ್ಗುವವನು ಸಂಬಳವಿಲ್ಲದೆ ಅದರ ಏಜೆಂಟನಾಗಿ ದುಡಿಯುತ್ತಿರುತ್ತಾನೆ. ಇತ್ತ ಪ್ರಾಮಾಣಿಕತೆಯೂ ಹೋಯಿತು, ಅತ್ತ ಸ್ವಾತಂತ್ರ್ಯವೂ ಹೋಯಿತು.

ಮೂರನೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. “ನಾವು ಬಡವರು. ಹಳೆಯ ಯಂತ್ರವನ್ನು ಹೊಂದಿಸುವುದರಲ್ಲಿಯೇ ಸಾಲವಾಗಿದೆ. ಪರವಾನಗಿಗೆ ಹಣವನ್ನು ಎಲ್ಲಿಂದ ತರೋಣ?” ಅಪ್ಪನ ಕೂಲಿಯಿಂದ ಓದುವ ವಿದ್ಯಾರ್ಥಿ ಈ ಮಾತನ್ನಾಡಿದಾಗ ಅವನಿಗೆ ನೀತಿಪಾಠವನ್ನು ಹೇಳುವ ಅಧಿಕಾರ ಹೊಟ್ಟೆ ತುಂಬಿದ ನಮಗಿಲ್ಲ. ಆದರೆ ಅವನಿಗೆ ತಿಳಿಸಬೇಕಾದುದೊಂದಿದೆ. ಬೆಲೆಯಿಲ್ಲದೆ, ಅಂಜಿಕೆಯಿಲ್ಲದೆ, ಕೊಟ್ಟವನ ಪೂರ್ಣ ಸಮ್ಮತಿಯೊಡನೆ ಪಡೆಯಬಹುದಾದ ಕಾರ್ಯಾಚರಣ ವ್ಯವಸ್ಥೆಗಳು ಹಲವಾರು ಇವೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯೂ, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತೊಡಗಿದ ಲಿನಕ್ಸ್ ತಿರುಳೂ ಕೂಡಿ ಬೆಳೆದುದರ ಫಲ ಅವು. ಡೆಬಿಯನ್, ಉಬುಂಟು, ನಮ್ಮ ದೇಶದ ಸಿ-ಡ್ಯಾಕ್ ರೂಪಿಸಿದ ಬಾಸ್, ಎಲ್ಲವೂ ಆ ಕುಲದವೇ. ಅವುಗಳ ಪರವಾನಗಿ ಬಳಸು, ನಕಲು ಮಾಡಿ ನೆರೆಯವನಿಗೆ ಕೊಡು, ಒಳಗನ್ನು ಬಿಚ್ಚಿ ನೋಡಿ ಕಲಿ, ತಿದ್ದು ಎಂದು ಬಾಯಿತುಂಬ ಹೇಳುತ್ತದೆ. ಒಬ್ಬ ದಾತನು ಬಾಗಿಲನ್ನು ತೆರೆದು ಕರೆಯುತ್ತಿರುವಾಗ ಮತ್ತೊಬ್ಬನ ಹಿತ್ತಲ ಗೋಡೆಯನ್ನು ಹತ್ತುವುದನ್ನು ಬಡತನವೆಂದು ಹೇಗೆ ಕರೆಯುವುದು?

“ಅದರಲ್ಲಿ ಕನ್ನಡ ನಡೆಯದು” ಎಂಬ ಆಕ್ಷೇಪ ಹಳೆಯದು. ಯೂನಿಕೋಡ್ ಬಂದ ಮೇಲೆ ಅದಕ್ಕೆ ಆಧಾರ ಉಳಿದಿಲ್ಲ. ನಾಡೋಜ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಲಿಬ್ರೆ ಆಫೀಸಿನಲ್ಲಿ ಕನ್ನಡದ ಪತ್ರ, ವರದಿಗಳನ್ನು ನಿರಾತಂಕವಾಗಿ ಸಿದ್ಧಪಡಿಸಬಹುದು. ನೆರೆಯ ಕೇರಳದ ಸರಕಾರಿ ಶಾಲೆಗಳ ಮಕ್ಕಳು ಬಹುಕಾಲದಿಂದ ಇಂತಹ ಸ್ವತಂತ್ರ ತಂತ್ರಾಂಶದ ಮೇಲೆಯೇ ಗಣಕ ಕಲಿಯುತ್ತಿದ್ದಾರೆ. ಅವರು ಮಾಡಿದುದು ನಮ್ಮಿಂದಾಗದೆ?

ಹಳೆಯ ಅಕ್ಷರವಿನ್ಯಾಸಗಳನ್ನೂ ಪೇಜ್‌ಮೇಕರನ್ನೂ ನಂಬಿರುವ ಡಿ.ಟಿ.ಪಿ. ಅಂಗಡಿ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ವ್ಯಾಪಾರಿ ಇವರಿಗೆ ವಿಂಡೋಸ್ ಬಿಡುವುದು ಸುಲಭವಲ್ಲವೆಂಬುದನ್ನು ಒಪ್ಪತಕ್ಕದ್ದೇ. ಆದರೆ ಅವರಿಗೆ ಅದು ನೇಗಿಲಿನಂತೆ, ತಕ್ಕಡಿಯಂತೆ ದುಡಿಮೆಯ ಉಪಕರಣ. ದುಡಿದು ಕೊಡುವ ಉಪಕರಣಕ್ಕೆ ಬೆಲೆ ಕೊಡುವುದು ನ್ಯಾಯ. ಗಿರಾಕಿಯು ತಮ್ಮ ಕೆಲಸಕ್ಕೆ ಹಣ ಕೊಡದೆ ಹೋದರೆ ಅವರು ಸುಮ್ಮನಿರುವರೆ?

ಇನ್ನು ಮೂಲೆಯ ಬರಹಕ್ಕೆ ನಾಚಿ ಅದನ್ನು ಅಳಿಸಹೊರಟವರ ಸಂಗತಿ. ನಾಚಿಕೆ ಒಳ್ಳೆಯದೇ, ಆದರೆ ಅದು ಇವರನ್ನು ಅಂಗಡಿಗೆ ಕೊಂಡೊಯ್ಯದೆ ಕಳ್ಳಗಿಂಡಿಗೆ ಕೊಂಡೊಯ್ಯುತ್ತದೆ. ದೊಡ್ಡ ಸಂಸ್ಥೆಗಳಿಗೆಂದು ಕೆ.ಎಂ.ಎಸ್. ಎಂಬ ಆಕ್ಟಿವೇಷನ್ ಏರ್ಪಾಟಿದೆ; ಅದರಲ್ಲಿ ಸಂಸ್ಥೆಯ ಒಂದು ಯಂತ್ರವು ಉಳಿದ ಯಂತ್ರಗಳಿಗೆ 180 ದಿನಗಳ ಮಟ್ಟಿಗೆ ಮಾನ್ಯತೆಯನ್ನು ಕೊಡುತ್ತ, ನವೀಕರಿಸುತ್ತ ಹೋಗುತ್ತದೆ. ಆ ವೇಷವನ್ನು ಧರಿಸಿ ವಿಂಡೋಸನ್ನು ಮೋಸಗೊಳಿಸುವ ಕಿರುತಂತ್ರಾಂಶಗಳನ್ನು ಬಿಟ್ಟಿಯಾಗಿ ಹಂಚುವವರಿದ್ದಾರೆ. ಅವನ್ನು ನಡೆಸುವ ಮೊದಲು ವೈರಸ್ ನಿರೋಧಕವನ್ನು ಮುಚ್ಚಿರೆಂದು ಅವರೇ ಹೇಳುತ್ತಾರೆ. ಕಾವಲುನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆಯೆಂದವನನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಗೃಹಸ್ಥನುಂಟೆ? ಬ್ಯಾಂಕಿನ ಗುಟ್ಟು, ಶಾಲೆಯ ಅಂಕಪಟ್ಟಿ, ಮಕ್ಕಳ ಛಾಯಾಚಿತ್ರ ಎಲ್ಲವೂ ಇರುವ ಯಂತ್ರವಲ್ಲವೆ ಅದು?

ಸಿಕ್ಕಿಬೀಳುವ ಭಯದಿಂದ ಪರಿಷ್ಕರಣಗಳನ್ನೇ ನಿಲ್ಲಿಸಿಬಿಡುವವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಯಂತ್ರಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ಪಿಡುಗಿನ ಮದ್ದು ಅದಕ್ಕೆ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿ, ಹೊರಬಂದಿತ್ತು. ಪರಿಷ್ಕರಣವನ್ನು ಹಾಕಿಸಿಕೊಳ್ಳದ ಯಂತ್ರಗಳೇ ಅದಕ್ಕೆ ಬಲಿಯಾದುವು. ಕಾನೂನಿನ ಮಾತನ್ನೂ ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಧಿಯು, ಉಲ್ಲಂಘನೆಯ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವನ್ನೂ ವಿಧಿಸಿದೆ. ಲಾಭಕ್ಕಾಗಿಯಾಗಲಿ ವ್ಯಾಪಾರದಲ್ಲಾಗಲಿ ಬಳಸದವನ ವಿಷಯದಲ್ಲಿ ಮಾತ್ರ ನ್ಯಾಯಾಲಯ ಸೆರೆವಾಸವನ್ನು ಬಿಡಬಹುದು. ಬರಹವನ್ನು ಹಾಗೆಯೇ ಬಿಟ್ಟು ಬಳಸುವವನು ಈ ಕಳ್ಳಗಿಂಡಿಯವನಿಗಿಂತ ಮೇಲೆಂಬುದು ನಿಜ. ಅವನು ಯಂತ್ರವನ್ನು ಕೆಡಿಸಿಕೊಂಡಿಲ್ಲ, ಪರಿಷ್ಕರಣಗಳನ್ನು ತಡೆದಿಲ್ಲ. ಆದರೆ ಕೆಟ್ಟವನಿಗಿಂತ ಮೇಲೆಂಬುದು ಒಳ್ಳೆಯವನೆಂಬುದಕ್ಕೆ ಪ್ರಮಾಣವಾಗದು.

ಈ ಮಾತೆಲ್ಲ ವ್ಯಕ್ತಿಗಳ ವಿಷಯವಾಯಿತು. ಸಂಸ್ಥೆಗಳನ್ನು ಕುರಿತು ಹೇಳಬೇಕಾದುದು ಇನ್ನೂ ಕಟುವಾದುದು. ತಾವು ಓದಿದ ಶಾಲೆಗೆ, ಉಂಡು ಬೆಳೆದ ವಿದ್ಯಾರ್ಥಿನಿಲಯಕ್ಕೆ ಗಣಕಯಂತ್ರಗಳನ್ನು ಕಾಣಿಕೆಯಾಗಿ ಕೊಡುವ ಹಳೆಯ ವಿದ್ಯಾರ್ಥಿಗಳು ಈಗ ಹಲವರಿದ್ದಾರೆ. ಅವರ ಕೃತಜ್ಞತೆ ಶ್ಲಾಘ್ಯವಾದುದು. ಆದರೆ ಪರವಾನಗಿಯಿಲ್ಲದ ವಿಂಡೋಸನ್ನು ತುಂಬಿದ ಹತ್ತು ಯಂತ್ರಗಳನ್ನು ಕೊಟ್ಟು, ಕಲ್ಲಿನ ಮೇಲೆ ಹೆಸರನ್ನು ಕೆತ್ತಿಸಿಕೊಂಡವನು ಕೊಟ್ಟುದೇನು? ಯಂತ್ರ ತನ್ನದು, ಒಳಗಿನ ತಂತ್ರಾಂಶ ಪರರದು. ಪರರದನ್ನು ಸೇರಿಸಿ ಕೊಟ್ಟ ಕಾಣಿಕೆ ಪೂರ್ಣವಾದೀತೆ? ಆ ಕೊಠಡಿಯಲ್ಲಿ ಕುಳಿತ ಹತ್ತು ವರ್ಷದ ಮಗು ಮೂಲೆಯ ಬರಹವನ್ನು ತೋರಿಸಿ “ಇದೇನು ಗುರುಗಳೇ?” ಎಂದು ಕೇಳಿದರೆ ಶಿಕ್ಷಕರು ಏನನ್ನು ಹೇಳಬೇಕು? “ಅದನ್ನು ನೋಡಬೇಡ” ಎಂದರೆ ಅಂದಿನ ನಿಜವಾದ ಪಾಠ ಅದೇ ಆಗುತ್ತದೆ. ಹಲಗೆಯ ಮೇಲೆ ಬರೆದ ಸುಭಾಷಿತ ಸಂಜೆಗೆ ಅಳಿಸಿಹೋಗುತ್ತದೆ. ಈ ಪಾಠ ಅಳಿಯದು.

ಇಲ್ಲೊಂದು ವಿಚಿತ್ರವನ್ನೂ ಗಮನಿಸಬೇಕು. ಎಷ್ಟೋ ಕಡೆ ಹಣ ಕೊಟ್ಟೂ ಕೊಡದವರಂತೆ ಇದ್ದೇವೆ. 2012ರ ವಿಂಡೋಸ್ 8ರಿಂದ ಈಚೆಗೆ, ಹೆಸರಾಂತ ಕಂಪನಿಗಳು ವಿಂಡೋಸನ್ನು ತುಂಬಿಯೇ ಮಾರುವ ಯಂತ್ರಗಳಲ್ಲಿ ಕೀಲಿಯು ಒಳಗಿನ ಹಲಗೆಯಲ್ಲಿಯೇ ಅಡಕವಾಗಿರುತ್ತದೆ. ರಿಪೇರಿಯವನು ಅದನ್ನು ವಿಚಾರಿಸದೆ, ಹೋಮ್ ಆವೃತ್ತಿಯ ಯಂತ್ರಕ್ಕೆ ಪ್ರೊ ಆವೃತ್ತಿಯನ್ನು ತುಂಬಿ ಕಳುಹಿಸುತ್ತಾನೆ. ಕೀಲಿ ಕೂಡುವುದಿಲ್ಲ, ಬರಹ ಮೂಡುತ್ತದೆ. ತಕ್ಕ ಆವೃತ್ತಿಯನ್ನು ಮತ್ತೆ ತುಂಬಿಸಿ ಅಂತರಜಾಲಕ್ಕೆ ಸೇರಿಸಿದರೆ ಸಾಕು, ಒಂದು ಕಾಸೂ ಖರ್ಚಿಲ್ಲದೆ ಅದು ಆಕ್ಟಿವೇಟ್ ಆಗುತ್ತದೆ. ವಿಚಾರಿಸದ ಸೋಮಾರಿತನದಿಂದ ಸ್ವಂತ ಮನೆಯಲ್ಲಿ ಪರರಂತೆ ಬಾಳುವುದು ಎಂತಹ ಅವಸ್ಥೆ!

ಆದುದರಿಂದ ವಾಚಕರಲ್ಲಿ ನಮ್ಮ ಒತ್ತಾಯವಿಷ್ಟೆ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಯಂತ್ರದ ಕೆಳಮೂಲೆಯನ್ನು ಒಮ್ಮೆ ನೋಡಿರಿ. ಬರಹವಿದ್ದರೆ ಮೊದಲು ಯಂತ್ರದೊಳಗೆ ಕೀಲಿಯಿದೆಯೇ ಎಂದು ವಿಚಾರಿಸಿರಿ. ಇಲ್ಲದಿದ್ದರೆ, ವಿಂಡೋಸ್ ನಿಮಗೆ ಅನಿವಾರ್ಯವೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಅನಿವಾರ್ಯವಾದರೆ ಕೊಳ್ಳಿರಿ, ಅಲ್ಲವಾದರೆ ಉಚಿತವಾಗಿ ಕೊಡುವವರಿಂದ ಪಡೆಯಿರಿ. ಶಾಲೆಗೆ ಯಂತ್ರವನ್ನು ಕೊಡುವವರು ಪರವಾನಗಿಯನ್ನೂ ಸೇರಿಸಿ ಕೊಡಲಿ, ಇಲ್ಲವೆ ಲಿನಕ್ಸನ್ನು ತುಂಬಿಸಿ, ಅದನ್ನು ಕಲಿಸುವವರೊಬ್ಬರನ್ನು ನಾಲ್ಕು ದಿನ ಕಳುಹಿಸಲಿ. ಇದಕ್ಕೆ ಕಾಲವೂ ಕೂಡಿಬಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕಂಪನಿಯು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ; ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೇಗೂ ಬದಲಾವಣೆ ತಪ್ಪಿದ್ದಲ್ಲ. ಬದಲಾಗುವಾಗ ನೇರವಾದ ದಾರಿಗೆ ಬದಲಾಗೋಣ.

ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯನ್ನು ಹಿಡಿದು ಕುಳಿತರೆ ಯಾವ ತೂತೂ ಮುಚ್ಚುವುದಿಲ್ಲ. ಮುಂದಿನ ಸಮಾರಂಭದ ವೇದಿಕೆಯ ತೆರೆಯಾದರೂ ನಾಲ್ಕು ಮೂಲೆಗಳಲ್ಲಿಯೂ ಶುಭ್ರವಾಗಿರಲಿ. ಆ ಶುಭ್ರತೆಯನ್ನು ನಾವು ಕೊಂಡಿರಬೇಕು, ಇಲ್ಲವೆ ಕೊಟ್ಟವರಿಂದ ಪಡೆದಿರಬೇಕು.