ಅಟ್ಟದ ಮೇಲಿನ ಕಡತಗಳು

ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೆಳದಿಯ ಚೆನ್ನಮ್ಮಾಜಿಯ ವೇಷವನ್ನು ಧರಿಸಿದ ಬಾಲಿಕೆಯನ್ನು ನೋಡದ ತಾಯಿತಂದೆಗಳು ನಮ್ಮ ಸೀಮೆಯಲ್ಲಿ ವಿರಳ. ಕೈಯಲ್ಲಿ ಕತ್ತಿ, ಬೆನ್ನಿನ ಮೇಲೆ ಗುರಾಣಿ, ಬಾಯಲ್ಲಿ ವೀರೋಕ್ತಿ. ನೋಟವು ಚೆಲುವಾಗಿಯೇ ಇರುವುದು; ನಾನೂ ಚಪ್ಪಾಳೆ ತಟ್ಟಿದವಳೇ. ಆದರೆ ಆ ರಾಣಿಯ ಮನೆತನವನ್ನು ನಮ್ಮ ಕಾಲದವರೆಗೆ ಉಳಿಸಿ ತಂದುದು ಕತ್ತಿಯಲ್ಲ, ಬರವಣಿಗೆ. ಆ ಕಾಲದಿಂದ ಇಳಿದುಬಂದ ಬರವಣಿಗೆಯಲ್ಲಿ ಅಷ್ಟಿಷ್ಟು ಇಂದಿಗೂ ನಮ್ಮ ಮನೆಗಳ ಅಟ್ಟದ ಮೇಲಿರುವುದೆಂದೂ, ಅದರ ಅಳಿವು ಉಳಿವುಗಳು ಮನೆಯ ಹೆಂಗಸರ ಕೈಯಲ್ಲಿರುವುವೆಂದೂ ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

1801ರಲ್ಲಿ ಇಕ್ಕೇರಿ, ನಗರಗಳ ದಾರಿಯಾಗಿ ಒಬ್ಬ ಸ್ಕಾಟ್ಲೆಂಡಿನ ವೈದ್ಯನು ಸಂಚರಿಸಿದನು. ಫ್ರಾನ್ಸಿಸ್ ಬುಕಾನನ್ ಎಂದು ಅವನ ಹೆಸರು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಊರೂರಿನಲ್ಲಿ ನಿಂತು ಬೆಳೆ, ಮಣ್ಣು, ಕಂದಾಯ, ಹಳೆಯ ಅರಸುಮನೆಗಳ ವೃತ್ತಾಂತ ಎಲ್ಲವನ್ನೂ ಕೇಳಿ ಬರೆದುಕೊಂಡನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಷ್ಟನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಬೇರೆಯವರ ವಂಶಗಳನ್ನು ವಿಚಾರಿಸುತ್ತ ನಡೆದ ಈ ಮನುಷ್ಯನು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ತನ್ನ ವಂಶದ ದಾಖಲೆಗಳನ್ನು ಮುಂದಿಟ್ಟು, ಬುಕಾನನ್ ಕುಲದ ಯಜಮಾನಿಕೆಯು ತನಗೆ ಸಲ್ಲತಕ್ಕದ್ದೆಂದು ವಾದಿಸಿದನೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಆ ಕುಲದ ಹಿರಿಯ ಶಾಖೆಯು 1680ರ ದಶಕದ ಆರಂಭದಲ್ಲಿ, ಇಲ್ಲಿ ಚೆನ್ನಮ್ಮಾಜಿಯು ಆಳುತ್ತಿದ್ದಾಗಲೇ, ಗಂಡುಸಂತಾನವಿಲ್ಲದೆ ನಿಂತುಹೋಗಿತ್ತು. ಬುಕಾನನ್ನನು 1829ರಲ್ಲಿ ತೀರಿಕೊಂಡನು. ಮತ್ತೆ ದೀರ್ಘಕಾಲದ ಮೌನ. ಕಡೆಗೆ 2018ರಲ್ಲಿ, ವರ್ಷಾನುಗಟ್ಟಲೆ ವಂಶಾವಳಿಗಳನ್ನು ಶೋಧಿಸಿದ ತರುವಾಯ, ಆ ದೇಶದ ಲಾಂಛನಾಧಿಕಾರಿಯು ಒಬ್ಬರನ್ನು ಕುಲದ ಯಜಮಾನರೆಂದು ಒಪ್ಪಿಕೊಂಡನು. ಮುನ್ನೂರು ವರ್ಷಗಳಿಗೂ ಮೀರಿ ಬರಿದಾಗಿದ್ದ ಪೀಠವು ತುಂಬಿದುದು ಕಾಗದದ ಬಲದಿಂದ. ಸ್ಕಾಟರ ಮನೆತನಗಳೆಂದರೆ ನಮಗೆ ತೋರುವುದು ಪಟ್ಟೆಪಟ್ಟೆಯ ಉಣ್ಣೆಬಟ್ಟೆ. ಆ ಪಟ್ಟೆಗಳಲ್ಲಿ ಎಷ್ಟೋ ಕುಲಕ್ಕೊಂದೆಂದು ಗೊತ್ತಾದುದು 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದುಹೋದ ಮೇಲೆಯೇ. ಬಟ್ಟೆ ಹೊಸದು, ಪತ್ರ ಹಳೆಯದು.

ಈಗ ನಮ್ಮ ಮನೆತನಕ್ಕೆ ಬರೋಣ. ಚೌಡಪ್ಪನಾಯಕನಿಂದ ಮೊದಲಾಗಿ 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಬೆಟ್ಟಕ್ಕೆ ಕಳುಹಿಸುವವರೆಗೆ, ಎರಡೂವರೆ ಶತಮಾನ ಬಾಳಿದ ವಂಶವಿದು. ಕಲ್ಲಿನಲ್ಲಿ ಏನು ಉಳಿದಿದೆ? ದೇವಾಲಯಗಳಿವೆ, ನಗರದ ಕೋಟೆಯ ಅವಶೇಷವಿದೆ. ಶಿವಮೊಗ್ಗದಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವ ಶಿವಪ್ಪನಾಯಕನ ಅರಮನೆಯಾದರೋ, ಈಗಿರುವ ರೂಪದಲ್ಲಿ ಹೈದರಾಲಿಯ ಕಾಲದ್ದೆಂದು ವಿದ್ವಾಂಸರು ಹೇಳುವರು! ಕಲ್ಲು ಮರಗಳು ಯಾರ ಹೆಸರನ್ನಾದರೂ ಹೊತ್ತು ನಿಲ್ಲುವುವು.

1689ರ ಪ್ರಸಂಗವನ್ನೇ ನೋಡಿ. ಶಿವಾಜಿಯ ಮಗನಾದ ರಾಜಾರಾಮನು ಔರಂಗಜೇಬನ ಸೈನ್ಯಕ್ಕೆ ಸಿಕ್ಕದೆ ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ಚೆನ್ನಮ್ಮಾಜಿಯ ಮರೆಹೊಕ್ಕನು. ಆಶ್ರಯವಿತ್ತರೆ ದಂಡು ಬರುವುದೆಂದು ಬಲ್ಲವಳಾಗಿಯೂ ಅವಳು ಆಶ್ರಯವಿತ್ತಳು. ದಂಡೂ ಬಂದಿತು. ರಾಣಿಯು ಅಲ್ಪಸ್ವಲ್ಪ ದಂಡವನ್ನು ತೆತ್ತು ರಾಜಿಮಾಡಿಕೊಂಡಳೆಂಬ ಒಂದು ಕಥನವಿದೆ. ಮೊಗಲರನ್ನು ಹಿಮ್ಮೆಟ್ಟಿಸಿದಳೆಂದು ಕೆಳದಿಯ ಕಡೆಯ ಕಥನ. ಯಾವುದು ಎಷ್ಟು ದಿಟವೆಂಬ ಚರ್ಚೆಯನ್ನು ಬಲ್ಲವರಿಗೇ ಬಿಡುವೆನು. ಆದರೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಓಲೆಗರಿಯಲ್ಲಿ ಉಳಿದು, 1921ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಯಿಂದ ಅಚ್ಚಾಗದೆ ಇದ್ದಿದ್ದರೆ, ನಮ್ಮ ರಾಣಿಯ ವಿಷಯದಲ್ಲಿ ಎದುರುಪಕ್ಷದ ಮಾತೇ ಕೊನೆಯ ಮಾತಾಗುತ್ತಿತ್ತು. ವಾರ್ಷಿಕೋತ್ಸವದ ಆ ಬಾಲಿಕೆಗೆ ಕತ್ತಿಯನ್ನು ಕೊಟ್ಟುದೂ ಆ ಓಲೆಗರಿಯೇ.

ಕಾವ್ಯವನ್ನು ಪಂಡಿತರು ಕಾಯ್ದರು. ಲೆಕ್ಕಪತ್ರಗಳನ್ನು ಕಾಯುವವರಾರು? ಶಿವಪ್ಪನಾಯಕನು ಹನ್ನೆರಡು ವರ್ಷ ನೆಲನೆಲದ ಬೆಳೆಯನ್ನು ಅಳೆಸಿ ನೋಡಿ, ಅದರ ಮೇಲೆ ಕಂದಾಯವನ್ನು ಗೊತ್ತುಮಾಡಿದನು. ಅದೇ ಪ್ರಸಿದ್ಧವಾದ ‘ಶಿಸ್ತು’. ಅದರ ನೆರಳು ಶಾನುಭೋಗರ, ಪಟೇಲರ, ವರ್ತಕರ ಮನೆಯ ಕಡತಗಳಲ್ಲಿ ಬಹುಕಾಲ ಉಳಿದಿತ್ತು. ಹುಣಿಸೆಬೀಜದ ಅಂಟಿಗೆ ಇದ್ದಿಲಿನ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿದರೆ ಕಡತ, ಬಳಪದಿಂದ ಬರೆಯುವುದು. ನನ್ನ ಬಾಲ್ಯದಲ್ಲಿ ಬಂಧುಗಳ ಮನೆಯೊಂದರಲ್ಲಿ ಮದುವೆಗೆಂದು ಸುಣ್ಣ ಬಳಿಸುವಾಗ, ಇಂತಹ ಕಡತಗಳ ಒಂದು ಗಂಟು ಬಚ್ಚಲ ಒಲೆಗೆ ಹೋಯಿತು. ಚೆನ್ನಾಗಿ ಉರಿಯಿತೆಂದು ಹೊಗಳಿದುದನ್ನೂ ಕೇಳಿದ್ದೇನೆ. ಹಾಕಿದವರು ಕೆಟ್ಟವರಲ್ಲ, ಅವರಿಗೆ ಅಕ್ಷರ ಬಾರದು, ಅಷ್ಟೆ.

ನಮಗೆ ಆ ನೆಪವಿಲ್ಲ. ಸತ್ಯವೇದದ ತರಗತಿಯಲ್ಲಿ ನಾವು ಓದಿದ್ದೇವೆ: ಯೋಷೀಯ ಅರಸನ ಕಾಲದಲ್ಲಿ ದೇವಾಲಯವನ್ನು ದುರಸ್ತಿ ಮಾಡುವಾಗ ಧರ್ಮಶಾಸ್ತ್ರದ ಗ್ರಂಥವೊಂದು ದೊರೆಯಿತು. ಅದರ ವಿಷಯವಾಗಿ ವಿಚಾರಿಸಲು ಅರಸನ ಆಳುಗಳು ಹೋದುದು ಹುಲ್ದಾ ಎಂಬ ಒಬ್ಬ ಹೆಂಗಸಿನ ಬಳಿಗೆ. ಭದ್ರಾವತಿಯ ಸೋದರಿಯರಿಗೆ ಇನ್ನೊಂದು ಮಾತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದ ಹೆಸರಾದ ಊರು ನಿಮ್ಮದು. ಯಂತ್ರಗಳು ಈಗ ನಿಂತಿವೆ. ಆ ದುಡಿಮೆಯ ಗುರುತುಚೀಟಿ, ಸಂಬಳದ ಪುಸ್ತಕ, ಕಾಗದಗಳು ನಿಮ್ಮ ಪೆಟ್ಟಿಗೆಗಳಲ್ಲಿದ್ದರೆ ಅವೂ ಒಂದು ಮನೆತನದ ಪತ್ರಗಳೇ. ಹಳೆಯವನ್ನು ಮನೆಯಲ್ಲಿ ಇಡಲಾಗದವರು ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಬಹುದು; ಅಲ್ಲಿ ಓಲೆಗರಿಗಳನ್ನೂ ಕಾಗದಪತ್ರಗಳನ್ನೂ ಕೂಡಿಸಿಟ್ಟಿರುವರು.

ಆ ಮದುವೆಯ ಮನೆಯ ಗಂಟಿನಿಂದ ಜಾರಿ ಉಳಿದ ಕಡತವೊಂದು ನನ್ನಲ್ಲಿದೆ. ಮೋಡಿ ಅಕ್ಷರ, ಓದುವುದು ನಿಧಾನ. ಎರಡು ಮಡಿಕೆಗಳಲ್ಲಿ ಬರಿಯ ಭತ್ತದ ಲೆಕ್ಕ. ಮೂರನೆಯದರಲ್ಲಿ ಒಬ್ಬ ಹೆಂಗಸಿನ ಹೆಸರೂ, ಅವಳಿಗೆ ಸಂದ ಗದ್ದೆಯ ಅಳತೆಯೂ ಇರುವಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರನ್ನು ಕೇಳಿದವರಿಲ್ಲ. ನಾಲ್ಕನೆಯ ಮಡಿಕೆಯನ್ನು ಇನ್ನೂ ಬಿಚ್ಚಿಲ್ಲ.