‘ಡೇಟಾ ಬೇಕಿತ್ತಾ ಮೇಡಂ?’

ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು. ರಿಪೇರಿ ಅಂಗಡಿಯ ಹುಡುಗ ಎರಡು ನಿಮಿಷ ನೋಡಿ, ‘ವಿಂಡೋಸ್ ಹೋಗಿದೆ ಮೇಡಂ, ಫಾರ್ಮ್ಯಾಟ್ ಹೊಡೀಬೇಕು. ಡೇಟಾ ಬೇಕಿತ್ತಾ?’ ಅಂದ. ಬೇಕು ಅಂದೆ. ‘ಡಿ ಡ್ರೈವ್‌ನಲ್ಲಿರೋದು ಉಳಿಯುತ್ತೆ ಬಿಡಿ’ ಅಂದ. ನನ್ನದೆಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಅದು ಸಿ ಡ್ರೈವ್‌ನದೇ ಒಂದು ಫೋಲ್ಡರ್ ಎಂಬುದು ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದ ನನಗೆ ಗೊತ್ತಿರಲಿಲ್ಲ. ಸಂಜೆಗೆ ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತಿತ್ತು. ರಾಯಚೂರು ಸೀಮೆಯ ಭಜನಾ ಮೇಳಗಳಲ್ಲಿ ಕೂತು ಮುದ್ರಿಸಿಕೊಂಡಿದ್ದ 34 ಗಂಟೆಗಳ ತತ್ವಪದ ಮಾತ್ರ ಇರಲಿಲ್ಲ.

ಆ ಹುಡುಗನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ವಿಂಡೋಸ್ ಹಾಕಿಕೊಟ್ಟರೆ ಅವನಿಗೆ ದುಡ್ಡು. ನನ್ನ ತತ್ವಪದ ಹುಡುಕುತ್ತ ಕೂತರೆ ಅಂದಿನ ಸಂಪಾದನೆಗೆ ಕಲ್ಲು. ಬೈಯಬೇಕಾದ್ದು ನಮ್ಮನ್ನು, ಸಾಹಿತ್ಯದವರನ್ನು. ‘ಈ ಕಂಪ್ಯೂಟರ್ ಗಿಂಪ್ಯೂಟರ್ ನಮಗೆ ತಿಳಿಯಲ್ಲಪ್ಪ’ ಎಂದು ನಮ್ಮ ವಿಭಾಗಗಳಲ್ಲಿ ಹೇಳುವ ದನಿಯಲ್ಲಿ ನಾಚಿಕೆ ಇರುವುದಿಲ್ಲ, ತುಸು ಹೆಮ್ಮೆಯೇ ಇರುತ್ತದೆ. ಆ ಹೆಮ್ಮೆಗೆ ನಾನು ತೆತ್ತ ಬೆಲೆ ಇದು.

ವಿಂಡೋಸ್ ಹೋಯಿತೆಂದರೆ ಕಡತಗಳು ಹೋದವು ಎಂದಲ್ಲ. ಬಾಗಿಲ ಬೀಗ ಕೆಟ್ಟಿದೆ, ಮನೆ ಹಾಗೇ ಇದೆ. ಒಳಗೆ ಹೋಗಲು ಬೇರೆ ಬಾಗಿಲು ಬೇಕು ಅಷ್ಟೆ. ಆ ಬಾಗಿಲೇ ರೆಸ್ಕ್ಯೂ ಡಿಸ್ಕ್. ಸಿಸ್ಟಮ್‌ರೆಸ್ಕ್ಯೂ ಎಂಬುದು ಅಂಥದೊಂದು, ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವ್‌ನಿಂದಲೇ ಎದ್ದು ಕೆಲಸ ಮಾಡುವ ಒಂದು ಪೂರ್ತಿ ಲಿನಕ್ಸ್ ಅದು. ಕೆಟ್ಟ ವಿಂಡೋಸನ್ನು ಎಬ್ಬಿಸುವ ಗೋಜಿಲ್ಲದೆ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಬಹುದು. ಅಳಿಸಿಹೋದ ಪಾರ್ಟಿಶನ್ ಹುಡುಕಲು ಅದರಲ್ಲಿ ಟೆಸ್ಟ್‌ಡಿಸ್ಕ್ ಇದೆ, ಅಳಿದ ಕಡತಗಳಿಗೆ ಫೋಟೊರೆಕ್ ಇದೆ, ಸಾಯುತ್ತಿರುವ ಡಿಸ್ಕಿಗೆ ಡಿಡಿರೆಸ್ಕ್ಯೂ ಇದೆ.

ಈ ಡಿಡಿರೆಸ್ಕ್ಯೂ ಕೆಲಸ ಮಾಡುವ ರೀತಿ ಗ್ರಂಥಸಂಪಾದನೆ ಓದಿದವರಿಗೆ ಹೊಸದಲ್ಲ. ಹುಳು ತಿಂದ ಓಲೆಗರಿಯ ಮೂಲದ ಮೇಲೆ ಯಾರೂ ತಿದ್ದುವುದಿಲ್ಲ. ಮೊದಲು ಪ್ರತಿ ಮಾಡಿಕೊಳ್ಳುತ್ತಾರೆ. ಇದೂ ಹಾಗೆಯೇ. ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿ ಬೇರೆ ಡಿಸ್ಕಿಗೆ ಇಳಿಸುತ್ತದೆ, ಕೆಟ್ಟ ಜಾಗಗಳನ್ನು ಗುರುತಿಟ್ಟುಕೊಂಡು ಆಮೇಲೆ ಮತ್ತೆ ಮತ್ತೆ ಬಂದು ಪ್ರಯತ್ನಿಸುತ್ತದೆ. ಆ ಮೇಲಿನ ಕೆಲಸವೆಲ್ಲ ಪ್ರತಿಯ ಮೇಲೆ. ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕುವುದೆಂದರೆ ಓಲೆಗರಿಯ ಮೇಲೆ ಹೊಸ ಲೆಕ್ಕ ಬರೆದಂತೆ.

ಮಾಡುವುದು ಕಷ್ಟವಲ್ಲ. 8 ಜಿ.ಬಿ. ಪೆನ್‌ಡ್ರೈವ್ ಒಂದು ಸಾಕು. ಅದರಲ್ಲಿರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಇಳಿಸಿಕೊಂಡ ಐಎಸ್‌ಒ ಕಡತವನ್ನು ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಅದು ಬೂಟ್ ಆಗುವುದಿಲ್ಲ, ರೂಫಸ್‌ನಂಥ ತಂತ್ರಾಂಶದಿಂದಲೇ ಬರೆಯಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗುತ್ತದೆ. ಅದಕ್ಕೆ ಮೊದಲೇ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಯಾವ ಡಿಸ್ಕೂ ನಿಮ್ಮನ್ನು ಕಾಯದು. ಸಿಕ್ಕ ಕಡತಗಳನ್ನು ಅದೇ ಕೆಟ್ಟ ಡಿಸ್ಕಿಗೆ ಬರೆಯಬೇಡಿ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಏನೂ ಮಾಡದೆ ಆಫ್ ಮಾಡಿ, ಡೇಟಾ ರಿಕವರಿಯವರ ಹತ್ತಿರ ಹೋಗಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಮರಳುವುದಿಲ್ಲ.

‘ಕ್ಲೌಡ್ ಇದೆಯಲ್ಲ’ ಎನ್ನುವವರಿದ್ದಾರೆ. ಇರಲಿ, ಬ್ಯಾಕಪ್ ಮೊದಲು, ರೆಸ್ಕ್ಯೂ ಡಿಸ್ಕ್ ಆಮೇಲೆ. ಒಂದಕ್ಕೆ ಇನ್ನೊಂದು ಬದಲಿಯಲ್ಲ. ಆದರೆ ಒಳ್ಳೆಯ ಗುಣಮಟ್ಟದ ಸ್ಟೀರಿಯೊ ಧ್ವನಿಮುದ್ರಣ ನಿಮಿಷಕ್ಕೆ ಸುಮಾರು 10 ಎಂ.ಬಿ. ತಿನ್ನುತ್ತದೆ. ಗೂಗಲ್ ಪುಕ್ಕಟೆ ಕೊಡುವ 15 ಜಿ.ಬಿ. 25 ಗಂಟೆಗೆ ಮುಗಿಯಿತು. ಕ್ಷೇತ್ರಕಾರ್ಯಕ್ಕೆ ಹೋದ ಹಳ್ಳಿಯಲ್ಲಿ ಅಷ್ಟನ್ನು ಅಪ್‌ಲೋಡ್ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ನನಗೆ ಅಡಿಟಿಪ್ಪಣಿ ಹಾಕುವುದು ಕಲಿಸಿದರು, ಆಕರಗಳ ವಿಂಗಡಣೆ ಕಲಿಸಿದರು. ಆ ಆಕರ ಇರುವ ಪೆಟ್ಟಿಗೆ ಕೆಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಎರಡು ಗಂಟೆಯ ಒಂದು ತರಗತಿ ಸಾಕು, ಅದನ್ನು ಕಡ್ಡಾಯ ಮಾಡಿ. ಆಕರ ಉಳಿಸಿಕೊಳ್ಳುವುದು ಸಂಶೋಧನೆಯ ಭಾಗವಲ್ಲವೆಂದರೆ ಇನ್ನಾವುದು?

ನಾನು ಆ ಮೇಳಗಳಿಗೆ ಮತ್ತೆ ಹೋಗಿ ಬಂದೆ. ಬೇಸರಿಸದೆ ಹಾಡಿದರು. ಆದರೆ ಕೆಲವು ನುಡಿಗಳು ಬದಲಾಗಿದ್ದಂತೆ ಕೇಳಿಸಿತು. ಹಾಡಿನಿಂದ ಹಾಡಿಗೆ ಪಾಠ ಹೇಗೆ ಬದಲಾಗುತ್ತದೆ ಎಂಬುದೇ ನನ್ನ ಅಧ್ಯಯನದ ವಿಷಯ. ಹೋಲಿಸಿ ನೋಡಲು ಮೊದಲ ಪಾಠವೇ ನನ್ನಲ್ಲಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ, ಈ ವಾರವೇ, ಒಂದು ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ. ಕೆಟ್ಟ ಮೇಲೆ ಮಾಡಲು ಇನ್ನೊಬ್ಬರ ಲ್ಯಾಪ್‌ಟಾಪ್ ಬೇಡಬೇಕಾಗುತ್ತದೆ. ಹಾಸ್ಟೆಲ್ಲಿಗೆ ಒಂದಿದ್ದರೂ ನಡೆಯುತ್ತದೆ. ಅದರ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ, ಇಲ್ಲದಿದ್ದರೆ ಯಾರಾದರೂ ಸಿನಿಮಾ ತುಂಬಿಸಿಕೊಂಡುಬಿಡುತ್ತಾರೆ.